ಹಿಮ್ಮೇಳವಷ್ಟೇ ಕೇಳಿಸಿದ ಹಾಡು

ತಿರುಮಲೇಶನಿಗೆ ಹಳೆಯ ಟೇಪ್‌ರೆಕಾರ್ಡರುಗಳ ಮುಂಭಾಗಕ್ಕಿಂತ ಹಿಂಭಾಗವೇ ಹೆಚ್ಚು ಇಷ್ಟ. ಮುಂದೆ ಗುಂಡಿ, ದೀಪ, ಕಂಪನಿಯ ಹೆಸರು ಎಲ್ಲ ಇರುತ್ತದೆ. ಮನೆಯವರು ಒರೆಸುವುದು ಅಷ್ಟನ್ನೇ. ಗೋಡೆಯ ಕಡೆ ತಿರುಗಿಸಿಟ್ಟ ಬೆನ್ನಿನಲ್ಲಿ ಜೇಡರ ಬಲೆ, ಹಸಿರು ಕಿಲುಬು ಹಿಡಿದ ಸಾಕೆಟ್ಟುಗಳು, ಕಪ್ಪು ಟೇಪು ಸುತ್ತಿ ಸುತ್ತಿ ಗಂಟಾದ ವೈರುಗಳು. ಆದರೆ ಹಾಡು ಹೊರಗೆ ಬರಬೇಕಾದದ್ದು ಅಲ್ಲಿಂದಲೇ. ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಹಗಲು ಸ್ಟಾಕು ನೋಡಿಕೊಳ್ಳುವ ಕೆಲಸ ಮುಗಿಸಿ ಬಂದ ಮೇಲೆ ಅವನು ನಡುಮನೆಯ ಮೂಲೆಯಲ್ಲಿ ಕೂತು ಇದನ್ನೇ ಮಾಡುತ್ತಿದ್ದ. ಹಳೆಯ ಸಾಕೆಟ್ಟು ಕಿತ್ತು ಹೊಸದು ಕೂರಿಸುವುದು, ಒಣಗಿದ ವೈರು ತೆಗೆದು ಒಳ್ಳೆಯ ತಾಮ್ರದ ವೈರು ಬೆಸೆಯುವುದು. ಎಲೆಕ್ಟ್ರಾನಿಕ್ಸ್ ಓದಿ ಪಡೆದ ಬಿ.ಎಸ್ಸಿ. ಪದವಿ ಬೇರೆ ಯಾವುದಕ್ಕೂ ಉಪಯೋಗಕ್ಕೆ ಬಂದಿರಲಿಲ್ಲ.

ಅವನ ಕೆಲಸಕ್ಕೊಂದು ಗುರುತಿತ್ತು. ಜೀನ್ಸ್ ಪ್ಯಾಂಟಿಗೆ ಹೊಲಿಗೆ ಹಾಕುವ ಚಿನ್ನದ ಬಣ್ಣದ ದಪ್ಪ ದಾರವನ್ನು ಹೊಸ ವೈರಿನ ಮೇಲೆ ಒತ್ತೊತ್ತಾಗಿ ಸುತ್ತಿ ಬಿಡುತ್ತಿದ್ದ. ಅದರಿಂದ ಸದ್ದಿಗೆ ಏನೂ ಲಾಭವಿಲ್ಲವೆಂದು ಅವನಿಗೂ ಗೊತ್ತು. ನೋಡಲು ಚೆಂದ, ಅಷ್ಟೇ. ಫೋನಿನಲ್ಲಿ ಫೋಟೊ ಹಾಕಿದರೆ ಎಲ್ಲೆಲ್ಲಿಯವರೋ ಮೆಚ್ಚುತ್ತಿದ್ದರು. ಎದುರಿಗೆ ನಾಲ್ಕು ಮಾತು ಆಡಲು ತಡವರಿಸುವ ಅವನಿಗೆ ಆ ಮೆಚ್ಚುಗೆ ರುಚಿಸಿತ್ತು.

ನಡುಮನೆಯ ಇನ್ನೊಂದು ಬದಿ ತಾಯಿ ನಾಗಲಕ್ಷ್ಮಮ್ಮನದು. ಯೂನಿಟ್ಟಿನಿಂದ ಬಂದ ಪ್ಯಾಂಟುಗಳನ್ನು ರಾಶಿ ಹಾಕಿಕೊಂಡು, ಹೊಲಿಗೆಯ ಕೊನೆಯಲ್ಲಿ ಉಳಿದ ದಾರದ ತುದಿಗಳನ್ನು ಅವಳು ಸಣ್ಣ ಕತ್ತರಿಯಿಂದ ಕತ್ತರಿಸುತ್ತಿದ್ದಳು. ಆ ಬೀದಿಯ ಅರ್ಧ ಹೆಂಗಸರಿಗೆ ಅದೇ ಕೆಲಸ. ಜೋತಾಡುವ ದಾರ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತವರ ರವಿಕೆಯ ದಾರವನ್ನೂ ಮಾತಾಡುತ್ತಲೇ ಕಿತ್ತು ಹಾಕುವವಳು.

"ನಾ ದಿನಾ ದಾರ ಕತ್ತರಿಸಿ ಒಗೀತೀನಿ, ನೀ ಅದೇ ದಾರ ತಂದು ವೈರಿಗೆ ಸುತ್ತತೀಯ. ನೋಡಿದವ್ರು ಇಬ್ರಿಗೂ ತಲಿ ಸರಿ ಇಲ್ಲ ಅಂದಾರು," ಎನ್ನುತ್ತಿದ್ದಳು.

"ಯಾರು ನೋಡ್ತಾರಮ್ಮ? ಹಿಂದಿನ ಕಡೀಗಿರ್ತದ ಅದು."

"ಹಂಗಾರ ಯಾಕ ಸುತ್ತತೀಯ?"

ಅವನು ವೈರಿಗೆ ಇನ್ನೊಂದು ಸುತ್ತು ದಾರ ಸುತ್ತುತ್ತಿದ್ದ.

ಶ್ರೀನಿವಾಸ್ ಬಂದದ್ದು ಆ ಫೋಟೊಗಳನ್ನು ನೋಡಿಯೇ. ಮಡಕಶಿರಾ ಪಕ್ಕದ ಹಳ್ಳಿಯವನು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಮನೆತನ. ಕ್ಯಾಸೆಟ್ಟು, ಸಿ.ಡಿ. ಎರಡೂ ಹಾಕಬಹುದಾದ ಒಂದು ದೊಡ್ಡ ಸೆಟ್ಟನ್ನು ಹಾಸಿಗೆ ಹೊದಿಕೆಯಲ್ಲಿ ಗಂಟು ಕಟ್ಟಿ ಬಸ್ಸಿನಲ್ಲಿ ಹೊತ್ತು ತಂದಿದ್ದ. ಸ್ಪೀಕರುಗಳು ಊರಲ್ಲೇ ಇದ್ದವು. ಜೇಬಿನಿಂದ ಒಂದು ಕ್ಯಾಸೆಟ್ಟು ತೆಗೆದು ಕೊಟ್ಟ. ಮೇಲಿನ ಕಾಗದ ಯಾವತ್ತೋ ಹರಿದುಹೋಗಿತ್ತು.

"ಇದ್ರಾಗೆ ನಮ್ಮವ್ವನ ದನಿ ಐತೆ ಕಣಣ್ಣ. ತೊಟ್ಟಿಲ ಹಾಡು. ನಾನು ಇನ್ನೂ ಚಿಕ್ಕೋನಿದ್ದಾಗ ಅವ್ವನ ಭಜನೆ ಮೇಳದೋರ್ನ ಯಾರೋ ಕರ್ಕಂಡೋಗಿ ರೆಕಾರ್ಡ್ ಮಾಡಿಸಿದ್ರು. ಮುಂದೆ ಹಾಡಿರೋಳು ನಮ್ಮವ್ವ, ಮಿಕ್ಕೋರು ಹಿಮ್ಮೇಳ."

"ಈಗ ಹಾಡಂಗಿಲ್ಲೇನ್ರಿ?"

"ಗಂಟ್ಲಾಗೆ ಗಡ್ಡೆ ಆಗಿತ್ತು. ತೆಗೆಸಿದ್ಮೇಲೆ ಜೀವ ಉಳೀತು, ದನಿ ಉಳೀಲಿಲ್ಲ. ಈಗ ಮಾತಾಡಿದ್ರೆ ಬರೀ ಗಾಳಿ." ಶ್ರೀನಿವಾಸ್ ಸೆಟ್ಟಿನ ಗಂಟು ಬಿಚ್ಚಿದ. "ನನ್ ಹೆಂಡ್ತಿ ಕಡೆಯೋರು ಅಮರಾಪುರದೋರು. ಅವ್ರು ಅವ್ವನ್ನ ನೋಡಿದ್ದೇ ಈ ದನಿ ಬಂದ್ಮೇಲೆ. ಅವ್ವ ಹಾಡ್ತಿದ್ಲು ಅಂದ್ರೆ ನಮ್ಮತ್ತೆ ನಗ್ತಾರೆ. ಈಗ ಮಗೂನ ಕರ್ಕಂಬಂದು ನಮ್ಮನೇಲಿ ತೊಟ್ಟಿಲಿಗೆ ಹಾಕ್ತೀವಿ. ಅಜ್ಜಿ ಆದೋಳು ಮೊದ್ಲ ಹಾಡು ಹೇಳ್ಬೇಕು. ಬಾಯಲ್ಲಿ ಆಗಲ್ಲ, ಇದ್ರಾಗಾದ್ರೂ ಹೇಳ್ಲಿ ಅಂತ. ಅವ್ವ ದಿನಾ ಕೇಳ್ತಾಳೆ, ಸೆಟ್ಟು ಆಯ್ತಾ ಅಂತ."

ಸೆಟ್ಟಿನ ಒಳಗೆ ತೊಂದರೆ ಹೆಚ್ಚಿರಲಿಲ್ಲ. ಸ್ಪೀಕರಿನ ವೈರು ಸಿಕ್ಕಿಸುವ ಹಳೆಯ ಕ್ಲಿಪ್ಪುಗಳು ಮಾತ್ರ ಪುಡಿಯಾಗಿದ್ದವು. ತಿರುಮಲೇಶ ಅವುಗಳ ಜಾಗದಲ್ಲಿ ಹಿತ್ತಾಳೆಯ ಹೊಸ ತಿರುಪುಗಳನ್ನು ಕೂರಿಸಿದ. ಎರಡು ಕೆಂಪು, ಎರಡು ಕಪ್ಪು. ಕಪ್ಪು ಎರಡನ್ನೂ ಒಂದು ತಾಮ್ರದ ಪಟ್ಟಿಯಿಂದ ಕೂಡಿಸಿ, ಎರಡೂ ಸ್ಪೀಕರುಗಳಿಂದ ಸದ್ದು ವಾಪಸು ಹೋಗಲು ಒಂದೇ ವೈರು ಕೊಟ್ಟ. ರಿಪೇರಿಯವರು ಕಾಮನ್ ಅನ್ನುವುದು ಅದನ್ನೇ. ಒಳಗೆ ಜಾಗವಿಲ್ಲದ್ದರಿಂದ ಆ ವೈರನ್ನು ಬೆನ್ನಿನ ತೂತಿನಿಂದ ಹೊರಗೆ ತಂದು ಬಳೆಯಂತೆ ಬಾಗಿಸಿ ಪಟ್ಟಿಗೆ ಬೆಸೆದ. ಅದರ ಮೇಲೆ ಚಿನ್ನದ ದಾರ ಸುತ್ತಿದ. ತನ್ನ ಸ್ಪೀಕರುಗಳಿಗೆ ಜೋಡಿಸಿ ಕ್ಯಾಸೆಟ್ಟು ಹಾಕಿದ.

ಹೆಂಗಸಿನ ದನಿಯೊಂದು ನಡುಮನೆಯ ಮಧ್ಯದಲ್ಲಿ ಎದ್ದು ನಿಂತಿತು. ಸಿಹಿ ದನಿ ಎನ್ನುವಂತಿರಲಿಲ್ಲ; ತುಸು ಒರಟು, ಆದರೆ ಎಲ್ಲೂ ಬಾಗದೆ ನೇರವಾಗಿ ಹೋಗುವ ದನಿ. ನಾಗಲಕ್ಷ್ಮಮ್ಮನ ಕತ್ತರಿ ನಿಂತಿತು. ಹಾಡು ಮುಗಿಯುವವರೆಗೂ ಅವಳು ಮುಂದಿನ ಪ್ಯಾಂಟು ಎತ್ತಿಕೊಳ್ಳಲಿಲ್ಲ.

"ಯಾರೋ ಇದು?" ಎಂದು ಕೇಳಿದಳು.

"ಆ ರೇಷ್ಮಿಯವ್ರ ತಾಯಿ."

"ಪುಣ್ಯಾತಗಿತ್ತಿ," ಎಂದಳು.

ತೊಟ್ಟಿಲ ದಿನ ಬೆಳಿಗ್ಗೆ ಸೆಟ್ಟನ್ನು ಒರೆಸಿ, ಹಳೆಯ ಜೀನ್ಸ್ ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಟ್ಟವಳು ಅವಳೇ. ಶ್ರೀನಿವಾಸ್ ಒತ್ತಾಯ ಮಾಡಿ ಕರೆದಿದ್ದ, ನೀನೇ ಬಂದು ಹಚ್ಚಿಕೊಡು ಎಂದು. ತಿರುಮಲೇಶ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಯಾಣದುರ್ಗದಲ್ಲೊಮ್ಮೆ, ಪಾವಗಡದಲ್ಲೊಮ್ಮೆ ಬಸ್ಸು ಬದಲಿಸಿದ. ಅವನು ತಲುಪುವಷ್ಟರಲ್ಲಿ ಅಮರಾಪುರದ ಬೀಗರು ಬಂದು ಕೂತಾಗಿತ್ತು.

ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿದ್ದರು. ಅದರ ಪಕ್ಕದಲ್ಲಿ ಹೊಸ ಸೀರೆ ಉಟ್ಟು ಕೂತ ಸಣಕಲು ಹೆಂಗಸೇ ಶ್ರೀನಿವಾಸನ ತಾಯಿ ಈಶ್ವರಮ್ಮ. ಸೆಟ್ಟು ಕಂಡದ್ದೇ ಎದ್ದು ಬಂದು ಅದರ ಮೇಲೆ ಕೈ ಇಟ್ಟಳು.

"ಬಂದ್ಯೇನಪ್ಪ," ಎಂದಳು. ಸೈಕಲ್ಲಿನ ಚಕ್ರದಿಂದ ಗಾಳಿ ಬಿಟ್ಟಂತಹ ಸದ್ದು. ತನ್ನ ನಡುಮನೆಯಲ್ಲಿ ಎದ್ದು ನಿಂತಿದ್ದ ದನಿಗೂ ಈ ಗಂಟಲಿಗೂ ಅವನು ಮನಸ್ಸಿನಲ್ಲೇ ಸಂಬಂಧ ಹುಡುಕುತ್ತ ತಲೆ ತಗ್ಗಿಸಿದ.

ಎದುರು ಸಾಲಿನಲ್ಲಿ ಶ್ರೀನಿವಾಸನ ಹೆಂಡತಿ ವನಿತಾಳ ತಾಯಿ ಲಕ್ಷ್ಮಿದೇವಿ ಕೂತಿದ್ದಳು. ತುಂಬಿದ ಮೈ, ತುಂಬಿದ ದನಿ.

"ಏನ್ ಬೀಗ್ತಿ, ಇವತ್ತಾದ್ರೂ ಕೇಳಿಸ್ತೀಯೋ, ಇಲ್ಲ ಕರೆಂಟು ಹೋಯ್ತು ಅಂತೀಯೋ?"

ಹೆಂಗಸರು ನಕ್ಕರು. ಈಶ್ವರಮ್ಮನೂ ನಕ್ಕಳು. ನಗುವವರ ಜತೆ ನಗುವ ಧೈರ್ಯ ಆ ದಿನ ಅವಳಿಗಿತ್ತು.

"ರಾಯದುರ್ಗದಿಂದ ಇಂಜಿನಿಯರ್ರೇ ಬಂದವ್ರೆ, ಕೇಳಿಸ್ದೆ ಏನು," ಎಂದ ಲಕ್ಷ್ಮಿದೇವಿಯ ತಮ್ಮ ಜಯಣ್ಣ. ಗೋಡೆಗೊರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ತಾನು ಇಂಜಿನಿಯರ್ ಅಲ್ಲ ಎಂದು ತಿರುಮಲೇಶ ಹೇಳಬಹುದಿತ್ತು. ಹೇಳಲಿಲ್ಲ. ಸ್ಪೀಕರುಗಳ ವೈರನ್ನು ಹೊಸ ತಿರುಪುಗಳಿಗೆ ಬಿಗಿಯುತ್ತ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಅರಿವಾಗಿ, ಎಂದೂ ಇಲ್ಲದಂತೆ ಮಾತಾಡಿದ:

"ಹಳೀ ಕ್ಲಿಪ್ಪಿನಾಗ ಬರ್ತಿದ್ದದ್ದು ಬರೀ ಧೂಳ್ರಿ. ಈಗ ಎಲ್ಲಾ ಹೊಸಾದು ಹಾಕೀನಿ. ಹಾಡೋರು ಇಲ್ಲೇ ಕುಂತಾರ ಅನಸ್ತದ, ನೋಡ್ರಿ."

"ರೀ ರೀ ಅಂತ ಎಷ್ಟು ಮರ್ಯಾದಿ ಕೊಡ್ತಾನ್ ನೋಡ್ರೇ," ಎಂದು ಯಾರೋ ಹುಡುಗಿ ಕಿಸಕ್ಕನೆ ನಕ್ಕಳು.

ವನಿತಾ ಮಗುವನ್ನು ತಂದು ತೊಟ್ಟಿಲಲ್ಲಿ ಮಲಗಿಸಿದಳು. ಈಶ್ವರಮ್ಮ ತೊಟ್ಟಿಲ ಹಗ್ಗ ಹಿಡಿದು ತಲೆಯಾಡಿಸಿದಳು. ತಿರುಮಲೇಶ ಗುಂಡಿ ಒತ್ತಿದ.

ಹಾರ್ಮೋನಿಯಂ ಬಂತು. ತಬಲ ಬಂತು. ಈಶ್ವರಮ್ಮನ ತುಟಿ ಹಾಡಿಗೆ ಮೊದಲೇ ಅರ್ಧ ತೆರೆದಿತ್ತು. ದನಿ ಏಳಬೇಕಾದ ಜಾಗ ಬಂತು, ದನಿ ಏಳಲಿಲ್ಲ. ಹಾರ್ಮೋನಿಯಂ ಯಾರಿಗೋ ದಾರಿ ಬಿಟ್ಟು ನಿಂತಂತೆ ಸಣ್ಣಗೆ ನುಡಿಯುತ್ತಿತ್ತು. ಅದಾದ ಮೇಲೆ ಒಮ್ಮೆಲೇ ನಾಲ್ಕಾರು ಹೆಂಗಸರು "ಲಾಲೀ ಲಾಲಿ" ಎಂದು ಉತ್ತರ ಕೊಟ್ಟರು. ಕೇಳಿದವರೇ ಇಲ್ಲದ ಪ್ರಶ್ನೆಗೆ ಉತ್ತರ. ಮತ್ತೆ ಖಾಲಿ. ಮತ್ತೆ "ಲಾಲೀ ಲಾಲಿ". ಆ ಖಾಲಿಯ ಒಳಗೆ, ಬಹಳ ಆಳದಲ್ಲಿ, ಬಾವಿಯ ತಳದಿಂದ ಬಂದಂತೆ ಮಾತು ತಿಳಿಯದ ಒಂದು ಛಾಯೆ ಇತ್ತು. ಅದು ಅಲ್ಲಿದೆಯೆಂದು ಗೊತ್ತಿದ್ದವರಿಗಷ್ಟೇ ಕೇಳುವಂಥದ್ದು.

ತಿರುಮಲೇಶನಿಗೆ ಕೇಳಿತು. ಮೊದಲ ಸಾಲು ಮುಗಿಯುವುದರೊಳಗೇ ಅವನಿಗೆ ಅರ್ಥವಾಯಿತು. ಇಂಥ ಹಾಡಿನಲ್ಲಿ ಮುಂದೆ ಹಾಡುವವರ ದನಿಯನ್ನು ಎರಡೂ ಸ್ಪೀಕರಿಗೆ ಸಮವಾಗಿ ಹಂಚಿರುತ್ತಾರೆ. ಅದಕ್ಕೇ ಅದು ನಟ್ಟನಡುವೆ ನಿಂತಂತೆ ಕೇಳುತ್ತದೆ. ಹಾರ್ಮೋನಿಯಂ ಒಂದು ಕಡೆಗೆ, ತಬಲ ಇನ್ನೊಂದು ಕಡೆಗೆ, ಹಿಮ್ಮೇಳ ಅಲ್ಲಿಷ್ಟು ಇಲ್ಲಿಷ್ಟು. ಕಾಮನ್ ವೈರು ಕಡಿದರೆ ಸದ್ದು ಪೂರ್ತಿ ನಿಲ್ಲುವುದಿಲ್ಲ. ಒಂದು ಸ್ಪೀಕರಿನ ಮೂಲಕವೇ ಇನ್ನೊಂದಕ್ಕೆ ದಾರಿ ಮಾಡಿಕೊಳ್ಳುತ್ತದೆ. ಆಗ ಎರಡೂ ಕಡೆ ಸಮವಾಗಿರುವುದು ಒಂದನ್ನೊಂದು ಹೊಡೆದುಹಾಕಿ ಇಲ್ಲವಾಗುತ್ತದೆ. ಬೇರೆ ಬೇರೆಯಾಗಿರುವುದು ಮಾತ್ರ ಉಳಿಯುತ್ತದೆ. ಕಾಲೇಜಿನ ಪರೀಕ್ಷೆಯಲ್ಲಿ ಅವನು ಇದನ್ನು ಚಿತ್ರ ಸಮೇತ ಬರೆದಿದ್ದ.

ಹಾಡು ನಡೆಯುತ್ತಲೇ ಇತ್ತು. ಈಶ್ವರಮ್ಮನ ತುಟಿ ಮುಚ್ಚಿತು. ಅವಳು ಮೊದಲು ಸೆಟ್ಟನ್ನು ನೋಡಿದಳು, ಆಮೇಲೆ ಮಗನನ್ನು, ಆಮೇಲೆ ನೆಲವನ್ನು.

"ಎಲ್ಲಿ ಬೀಗ್ತಿ, ನೀನೆಲ್ಲಿದ್ದೀಯಾ ಇದ್ರಾಗೆ?" ಎಂದಳು ಲಕ್ಷ್ಮಿದೇವಿ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ ಅದು. ನಿಜವಾಗಿಯೇ ಹುಡುಕುವವಳಂತೆ ಕಿವಿಯನ್ನು ಮುಂದೆ ಮಾಡಿ ಕೂತಿದ್ದಳು.

"ಹಿಮ್ಮೇಳದಾಗಿದ್ರೇನೋ ಬಿಡಕ್ಕ. ಅದೂ ಹಾಡೇ ತಾನೇ," ಎಂದಳು ಇನ್ನೊಬ್ಬಳು. ನಗು ಈ ಸಲ ಬೇರೆ ತರಹ ಹರಡಿತು.

ಜಯಣ್ಣ ಗೋಡೆಯಿಂದ ಬೆನ್ನು ತೆಗೆದು ಮುಂದೆ ಬಾಗಿದ. "ತಡೀರಮ್ಮ, ಸುಮ್ನಿರ್ರಿ. ಏನಪ್ಪಾ, ನೀನು ಹೇಳು. ಮಿಷಿನ್ನಾಗೆ ಏನಾರ ತಪ್ಪು ಐತಾ? ಇದ್ರೆ ಸರಿ ಮಾಡು, ಕಾಯ್ತೀವಿ. ಅವಸರ ಏನಿಲ್ಲ."

ಎಲ್ಲರೂ ತಿರುಮಲೇಶನ ಕಡೆ ತಿರುಗಿದರು. ಈಶ್ವರಮ್ಮನೂ ನೋಡಿದಳು. ಆ ನೋಟ ಅವನನ್ನು ಬೇಡುತ್ತಿತ್ತು. ಹೌದು, ಒಂದು ವೈರು ಬಿಟ್ಟಿದೆ, ಹತ್ತು ನಿಮಿಷ ಕೊಡಿ ಎಂದಿದ್ದರೆ ಸಾಕಿತ್ತು. ಆದರೆ ಈಗಷ್ಟೇ ಆಡಿದ ದೊಡ್ಡ ಮಾತು ಇನ್ನೂ ಆ ಕೋಣೆಯಲ್ಲೇ ಇತ್ತು. ಇಷ್ಟು ಜನರ ಎದುರು ಸೆಟ್ಟನ್ನು ಮಗುಚಿ, ಮಂಡಿಯೂರಿ, ತನ್ನ ಕೆಲಸದ ತಪ್ಪನ್ನು ತಾನೇ ಹುಡುಕಬೇಕಲ್ಲ ಎಂದು ಅವನ ಮುಖಕ್ಕೆ ಬಿಸಿ ಏರಿತು.

"ಸೆಟ್ಟು ಸರೀಗೇ ಐತ್ರಿ," ಎಂದ. "ಕ್ಯಾಸೆಟ್ಟಿನಾಗ ಏನೈತಿ ಅದೇ ಬರ್ತದ."

"ಅಂಗಾದ್ರೆ ಸರಿ," ಎಂದು ಜಯಣ್ಣ ಮತ್ತೆ ಗೋಡೆಗೊರಗಿದ.

ಯಾರೋ ಸೆಟ್ಟು ಆರಿಸಿದರು. ಮಗು ಅಳಲು ಶುರುಮಾಡಿತ್ತು. ಲಕ್ಷ್ಮಿದೇವಿಯೇ ಎದ್ದು ತೊಟ್ಟಿಲ ಹಗ್ಗ ಹಿಡಿದು ಒಂದು ಹಾಡು ಹೇಳಿದಳು. ಹಗ್ಗವನ್ನು ಈಶ್ವರಮ್ಮ ತಾನಾಗಿಯೇ ಕೊಟ್ಟಿದ್ದಳು.

ಹೆಂಗಸರು ಊಟಕ್ಕೆ ಎಲೆ ಹಾಕುತ್ತಿದ್ದಾಗ ತಿರುಮಲೇಶ ಸೆಟ್ಟಿನ ಹಿಂದೆ ಬಗ್ಗಿ ನೋಡಿದ. ಚಿನ್ನದ ದಾರದ ಬಳೆ ಪಟ್ಟಿಯ ಹತ್ತಿರ ಕಡಿದು, ತುದಿ ಗಾಳಿಯಲ್ಲಿ ನಿಂತಿತ್ತು. ಜಗ್ಗಿ ಹರಿದದ್ದಲ್ಲ, ಬೆಸುಗೆ ಬಿಟ್ಟದ್ದೂ ಅಲ್ಲ. ನೇರವಾದ, ನುಣುಪಾದ ಕಡಿತ. ಸಣ್ಣ ಕತ್ತರಿಯದು. ಅದು ಯಾರ ಕೈ ಎಂದು ತಕ್ಷಣ ತಿಳಿಯಿತು. ಆ ಕ್ಷಣದಲ್ಲೂ ತುದಿಯನ್ನು ಪಟ್ಟಿಗೆ ಸುತ್ತಿ ಎಲ್ಲರನ್ನೂ ಕರೆಯಬಹುದಿತ್ತು. ಅವನು ಸುತ್ತಲೂ ನೋಡಿದ. ಯಾರ ಗಮನವೂ ಇತ್ತ ಇರಲಿಲ್ಲ. ತುದಿಯನ್ನು ಬೆರಳಿನಿಂದ ತೂತಿನೊಳಗೆ ತಳ್ಳಿದ. ಯಾರು ಹಿಂದೆ ನೋಡಿದರೂ ಇನ್ನು ಕಾಣುವಂತಿರಲಿಲ್ಲ.

ಊಟಕ್ಕೆ ಹೋಳಿಗೆ ಬಡಿಸಲು ಬಂದವಳು ಈಶ್ವರಮ್ಮ. ಅವನ ಎಲೆಗೆ ತುಪ್ಪ ಹಾಕುತ್ತ ಪಕ್ಕದಲ್ಲೇ ಕೂತಳು.

"ಬಾಳ ವರ್ಸ ಆಯ್ತಲ್ಲಪ್ಪ," ಎಂದಳು ಆ ಗಾಳಿದನಿಯಲ್ಲಿ. "ಟೇಪಿನಾಗೆ ಅಳಿಸೋಗಿರ್ಬೇಕು. ನೀನೇನ್ ಮಾಡ್ತೀಯ. ಬೇಜಾರ್ ಮಾಡ್ಕಬ್ಯಾಡ, ಉಣ್ಣು."

ಅವನು ಉಂಡ. ಎಲೆಯಲ್ಲಿ ಏನನ್ನೂ ಬಿಡದೆ ಉಂಡ.

ಮರುದಿನ ಸಂಜೆ ನಾಗಲಕ್ಷ್ಮಮ್ಮ ಕೇಳಿದಳು. "ಹೆಂಗಾತೋ? ಎಲ್ರೂ ಕೇಳಿದ್ರೇನು?"

ಅವನು ತಿರುಗಿ ಕೇಳಿದ, "ಸೆಟ್ಟು ಒರಸಬೇಕಾದ್ರ ಹಿಂದ ಏನಾರ ಕತ್ತರಿಸಿದೇನು?"

"ಒಂದು ದಾರ ಎದ್ದು ನಿಂತಿತ್ತು, ಕತ್ತರಿಸಿದೆ. ಸ್ವಲ್ಪ ಗಟ್ಟಿ ಅನಸ್ತು. ಯಾಕ?" ಎಂದವಳು ಮಗನ ಮುಖ ನೋಡಿ ಕತ್ತರಿ ಕೆಳಗಿಟ್ಟಳು. "ಅಯ್ಯೋ ದೇವ್ರೇ. ಅದು ವೈರಾ?"

ಇಡೀ ದಿನ ಅವನು ಈ ಕ್ಷಣಕ್ಕೇ ಕಾದಿದ್ದ. ತಪ್ಪು ಮಾಡಿದ ಕೈಯನ್ನು ತೋರಿಸಿದರೆ ತನ್ನ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ. ಈಶ್ವರಮ್ಮನ ಏಳದ ದನಿ, ಬರೀ ಹಿಮ್ಮೇಳ, ಬೀಗರ ನಗು ಎಲ್ಲವನ್ನೂ ಹೇಳಿದ. ನಾಗಲಕ್ಷ್ಮಮ್ಮ ಹಣೆ ಬಡಿದುಕೊಂಡಳು.

"ಆಯಮ್ಮಗ ಎಂಥಾ ಅನ್ಯಾಯ ಮಾಡಿದೆ ನಾನು. ಆಮ್ಯಾಲ? ನೀ ಸರಿ ಮಾಡಿದೇನು?"

"ಇಲ್ಲ."

"ವೈರು ಕಡದದ ಅಂತ ಹೇಳಿದೇನು?"

ಅವನು ಕೆಳಗೆ ಬಿದ್ದ ದಾರದ ತುಂಡೊಂದನ್ನು ಬೆರಳಿಗೆ ಸುತ್ತತೊಡಗಿದ. ಅವನನ್ನು ಅವಳು ಹೊಲಿಗೆಯಂತೆ ಮೇಲಿನಿಂದ ಕೆಳಗಿನವರೆಗೂ ನೋಡಿದಳು.

"ನಾ ಕತ್ತರಿಸಿದ್ದು ನನಗ ಗೊತ್ತಾಗ್ಲಿಲ್ಲೋ. ನಿನಗ ಗೊತ್ತಿತ್ತಲ್ಲ," ಎಂದಳು. "ಈ ಮನ್ಯಾಗ ಕುಂತು ಆಯಮ್ಮನ ದನಿ ನಾವಿಬ್ರೂ ಕೇಳೀವಿ. ಕೇಳಿದವನೇ ಇಲ್ಲ ಅಂದ್ರ ಹೆಂಗೋ?" ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ನಾನೂ ಬರ್ತೀನಿ ನಡಿ. ಕಾಲಿಗೆ ಬೀಳ್ತೀನಿ," ಎಂದಳು.

"ಬ್ಯಾಡಮ್ಮ. ನಾ ಹೋಗ್ತೀನಿ."

ಮುಂದಿನ ಭಾನುವಾರ ಹೋದ. ಬೆಸುಗೆಯ ಸಾಮಾನು ಚೀಲದಲ್ಲಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ಪಾವಗಡ ದಾಟುವಾಗ ಪೂರ್ತಿ ಇದ್ದ ಮಾತು ಮಡಕಶಿರಾ ಬರುವಷ್ಟರಲ್ಲಿ ಅರ್ಧವಾಗಿತ್ತು. ಶ್ರೀನಿವಾಸ್ ಮತ್ತು ಈಶ್ವರಮ್ಮನ ಎದುರು ಅವನು ಹೇಳಿದ್ದು ಆ ಅರ್ಧವನ್ನೇ: ಸೆಟ್ಟು ಕಟ್ಟುವಾಗ ಮನೆಯಲ್ಲಿ ಗೊತ್ತಿಲ್ಲದೆ ಒಂದು ವೈರು ಕತ್ತರಿಸಿಬಿಟ್ಟಿದ್ದರು; ತನಗೆ ಊರಿಗೆ ಹೋದ ಮೇಲಷ್ಟೇ ತಿಳಿಯಿತು.

"ಅಂಗಾದ್ರೆ ದನಿ ಐತಾ?" ಎಂದಳು ಈಶ್ವರಮ್ಮ.

"ಐತ್ರಿ ಅಮ್ಮ. ಎಲ್ಲಿಗೂ ಹೋಗಿಲ್ಲ."

ಶ್ರೀನಿವಾಸ್ ಮೊಬೈಲಿನ ಬೆಳಕು ಹಿಡಿದ. ತಿರುಮಲೇಶ ಕವಚ ಬಿಚ್ಚಿ, ತಾನೇ ಒಳಗೆ ತಳ್ಳಿದ್ದ ತುದಿಯನ್ನು ಎಳೆದುಕೊಂಡು ಬೆಸೆದ. "ಒಳಗೆ ಹೆಂಗೆ ಹೋಯ್ತಣ್ಣ ಅದು?" ಎಂದು ಶ್ರೀನಿವಾಸ್ ಕೇಳಿದ. "ಬಸ್ಸಿನಾಗ ಅಲ್ಲಾಡಿ ಹೋಗಿರಬೇಕ್ರಿ," ಎಂದ ತಿರುಮಲೇಶ. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಭಯವಾಯಿತು.

ಗುಂಡಿ ಒತ್ತಿದ. ಹಾರ್ಮೋನಿಯಂ, ತಬಲ, ಆಮೇಲೆ ದನಿ ನಡುವೆ ಎದ್ದು ನಿಂತಿತು. ಈಶ್ವರಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೊದಲ ಸಾಲು ಮುಗಿಯುತ್ತಲೇ, "ಸಾಕು. ಆರ್ಸು," ಎಂದಳು.

"ಪೂರ್ತಿ ಕೇಳವ್ವ," ಎಂದ ಶ್ರೀನಿವಾಸ್.

"ನಾನ್ ಕೇಳಿ ಏನಾಗ್ಬೇಕು? ನಾನ್ ಹೆಂಗೆ ಹಾಡ್ತಿದ್ದೆ ಅಂತ ನಂಗೊತ್ತಿಲ್ವಾ?" ಹಾಗೆಂದವಳು ತಡೆದು, "ಈ ವಾರ ಅದೂ ಮರ್ತೋಗಿತ್ತು ಬಿಡು," ಎಂದಳು. ಆಮೇಲೆ ತಿರುಮಲೇಶನ ಕಡೆ ತಿರುಗಿದಳು. "ಅಮರಾಪುರಕ್ಕೆ ಹೋಗಿ ಹೇಳಪ್ಪ. ಅವತ್ತು ಅಷ್ಟು ಜನದಾಗೆ ನೀನು ಮಿಷಿನ್ ಸರಿ ಐತೆ ಅಂದೆ. ನನ್ ಸೊಸೆ ಏನೂ ಅನ್ನಲಿಲ್ಲ, ಆದ್ರೆ ಅವತ್ತಿಂದ ನನ್ ಮುಖ ನೋಡಿ ಮಾತಾಡ್ತಿಲ್ಲ. ಸುಳ್ಳಿ ಅತ್ತೆ ಅಂತ ಅವ್ಳಿಗೆ ನಾಚಿಕೆ."

ಶ್ರೀನಿವಾಸ್ ಬೈಕು ತೆಗೆದ. ಸ್ಪೀಕರುಗಳನ್ನು ಎರಡು ಚೀಲಗಳಲ್ಲಿ ಎರಡೂ ಬದಿಗೆ ಇಳಿಬಿಟ್ಟು, ಸೆಟ್ಟನ್ನು ತಿರುಮಲೇಶ ತೊಡೆಯ ಮೇಲಿಟ್ಟುಕೊಂಡ. ಶೇಂಗಾ ಹೊಲಗಳ ನಡುವಿನ ದಾರಿಯಲ್ಲಿ ಎದುರಿಗೆ ಕುರಿಮಂದೆ ಬಂದಾಗಲೆಲ್ಲ ಬೈಕು ನಿಲ್ಲುತ್ತಿತ್ತು. ಆಗೆಲ್ಲ ಶ್ರೀನಿವಾಸ್ ಹಿಂದೆ ತಿರುಗಿ ಸ್ನೇಹದಿಂದ ಏನಾದರೂ ಹೇಳುತ್ತಿದ್ದ. "ನಮ್ಮತ್ತೆ ಬಾಯಿ ಜೋರು, ಮನ್ಸು ಒಳ್ಳೇದು ಕಣಣ್ಣ. ಹೆದ್ರಬ್ಯಾಡ." ಆ ಸ್ನೇಹ ತಿರುಮಲೇಶನಿಗೆ ಸೆಟ್ಟಿಗಿಂತ ಭಾರವಾಗಿತ್ತು.

ಅಮರಾಪುರದ ಮನೆಯ ಜಗಲಿಯಲ್ಲಿ ಲಕ್ಷ್ಮಿದೇವಿ ಶೇಂಗಾ ಸುಲಿಯುತ್ತಿದ್ದಳು. ಜಯಣ್ಣ ಮಂಚದ ಮೇಲೆ ಮಲಗಿದ್ದವನು ಎದ್ದು ಕೂತ. ಪಕ್ಕದ ಮನೆಯ ಇಬ್ಬರು ಹೆಂಗಸರು ಸೆಟ್ಟು ಕಂಡು ತಾವಾಗಿಯೇ ಬಂದರು. ತಿರುಮಲೇಶ ವೈರು ಜೋಡಿಸಿ, ಮಾತಿಗಿಂತ ಹಾಡೇ ಮೊದಲು ಹೇಳಲಿ ಎಂದು ಗುಂಡಿ ಒತ್ತಿದ.

"ಹುಣಸೆಯ ನೆರಳಾಗೆ ಸೀರೆಯ ಕಟ್ಟೀನಿ, ಹೊಲದ ಗಾಳಿಗೆ ತೂಗೇನ," ಎಂದು ದನಿ ನೇರವಾಗಿ ಜಗಲಿಯ ಮೇಲೆ ಬಂತು. ಲಕ್ಷ್ಮಿದೇವಿಯ ಕೈಬೆರಳುಗಳು ಶೇಂಗಾದ ಮೇಲೆ ನಿಂತವು. "ಲಾಲೀ ಲಾಲಿ" ಎಂದು ಹಿಮ್ಮೇಳ ಉತ್ತರ ಕೊಟ್ಟಿತು. ಹಾಡು ಕೊನೆಯವರೆಗೂ ಹೋಯಿತು.

"ಯಾರೋ ಬಾಳ ಚೆಂದ ಹಾಡವ್ರೆ," ಎಂದಳು ಲಕ್ಷ್ಮಿದೇವಿ.

"ಯಾರೋ ಅಲ್ಲತ್ತೆ, ನಮ್ಮವ್ವ," ಎಂದ ಶ್ರೀನಿವಾಸ್.

"ಇರ್ಬೋದಪ್ಪ. ನಾನ್ ಹೆಂಗೆ ಹೇಳ್ಲಿ? ಅವತ್ತು ಬೀಗ್ತಿ ಎದುರಿಗೇ ಕುಂತಿದ್ರು, ಇದು ಬಂದಿದ್ರೆ ಅವ್ರ ಬಾಯಿ ನೋಡ್ಕಂಡೇ ನಂಬ್ತಿದ್ದೆ. ಇವತ್ತು ಬರೀ ಡಬ್ಬ ತಂದೀರಾ." ಅವಳು ತಿರುಮಲೇಶನನ್ನು ನೋಡಿದಳು. "ಈವಯ್ಯನೇ ಅಲ್ವಾ ಅಂದಿದ್ದು, ಕ್ಯಾಸೆಟ್ಟಿನಾಗೆ ಇರೋದೇ ಬರ್ತೈತೆ ಅಂತ? ಅವತ್ತೊಂದು ಬಂತು, ಇವತ್ತೊಂದು ಬರ್ತೈತೆ. ಯಾವ್ದನ್ನ ನಂಬಾನ?"

"ಒಂದು ವೈರು ಕಡಿದಿತ್ತಂತೆ ಅತ್ತೆ. ಊರಿಗೆ ಹೋದ್ಮೇಲೆ ಗೊತ್ತಾಯ್ತಂತೆ."

"ಡಬ್ಬ ನಿಮ್ಮನೇಲಿತ್ತು. ಊರಿಗೆ ಹೋದೋನಿಗೆ ಅಲ್ಲಿಂದ ಹೆಂಗೆ ಕಾಣ್ತು?" ಎಂದ ಜಯಣ್ಣ ಮೆಲ್ಲಗೆ. "ಬೀಗ್ತಿ ಪಾಪ ಬೇಜಾರಾಗವ್ರೆ ಅಂತ ನೀವಿಬ್ರೂ ಯಾರದೋ ಹಾಡು ಹಿಡ್ಕಂಬಂದ್ರೇನೋ. ತಪ್ಪಲ್ಲ ಬಿಡು. ಸರಿ, ಕಾಫಿ ಕುಡೀರಿ."

ಅಷ್ಟೇ ಆಗಿ ಮುಗಿಯಬಹುದಿತ್ತು. ಎಲ್ಲರೂ ನಯವಾಗಿಯೇ ಇದ್ದರು. ಶ್ರೀನಿವಾಸ್ ತಿರುಮಲೇಶನ ಕಡೆ ನೋಡಿದ. ಅವನ ತಾಯಿ ಅವತ್ತು ನೋಡಿದಂತೆಯೇ.

"ಊರಿಗೆ ಹೋದ ಮ್ಯಾಲ ಗೊತ್ತಾಗಿದ್ದಲ್ರಿ," ಎಂದ ತಿರುಮಲೇಶ. "ಅಲ್ಲೇ ಗೊತ್ತಾತು. ಮೊದಲನೇ ಸಾಲಿಗೇ ಗೊತ್ತಾತು. ನೀವು ಕೇಳಿದ್ರಲ್ರಿ, ತಪ್ಪೈತಾ ಅಂತ. ಗೊತ್ತಿದ್ದೇ ಇಲ್ಲ ಅಂದೆ."

ಜಯಣ್ಣ ಅವನನ್ನೇ ನೋಡುತ್ತ ಕೂತ. "ಯಾಕೆ?"

"ಅಷ್ಟು ಜನದ ಮುಂದ ದೊಡ್ಡದಾಗಿ ಮಾತಾಡಿಬಿಟ್ಟಿದ್ದೆ. ನಾಚಿಕಿ ಆತ್ರಿ." ಇನ್ನೂ ಉಳಿದಿತ್ತು. ಅದನ್ನು ಹೇಳುವಾಗ ಅವನು ಶ್ರೀನಿವಾಸನ ಕಡೆ ನೋಡಲಿಲ್ಲ. "ನೀವೆಲ್ಲ ಊಟಕ್ಕ ಕೂಡೋ ಮುಂದ ಹಿಂದ ಹೋಗಿ ನೋಡಿದೆ. ವೈರು ಕಡಿದು ತುದಿ ಹೊರಗ ಕಾಣ್ತಿತ್ತು. ಯಾರಿಗೂ ಕಾಣಬಾರ್ದು ಅಂತ ನಾನೇ ಒಳಗ ತಳ್ಳಿದೆ. ಆಮ್ಯಾಲ ಆಯಮ್ಮ ಬಡಿಸಿದ ಹೋಳಿಗಿ ಉಂಡು ಬಂದೆ."

ಪಕ್ಕದ ಮನೆಯ ಹೆಂಗಸೊಬ್ಬಳು "ಅಯ್ಯೋ ಪಾಪಂ" ಎಂದಳು. ಈಶ್ವರಮ್ಮನಿಗೆ ಅಂದದ್ದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಲಕ್ಷ್ಮಿದೇವಿ ಮಡಿಲ ಶೇಂಗಾ ಸಿಪ್ಪೆಯನ್ನು ಕೊಡವಿ ಎದ್ದಳು. ಅವಳ ಮುಖ ಕೆಂಪಗಾಗಿತ್ತು. "ಇಂಥಾದ್ದ ಯಾರೂ ಹೇಳಿಕೊಟ್ಟು ಹೇಳಿಸಕ್ಕಾಗಲ್ಲ," ಎಂದಳು ತಮ್ಮನಿಗೆ. ಆಮೇಲೆ ಯಾರಿಗೂ ಅಲ್ಲದಂತೆ, "ನಾನು ಅವ್ರ ಕೈಯಿಂದ ತೊಟ್ಟಿಲ ಹಗ್ಗ ಈಸ್ಕಂಡ್ನಲ್ಲೋ," ಎಂದು ಒಳಗೆ ಹೋದಳು.

ಶ್ರೀನಿವಾಸ್ ಸ್ಪೀಕರಿನ ವೈರು ಬಿಚ್ಚಿ, ಚೀಲಗಳನ್ನು ಬೈಕಿಗೆ ತೂಗುಹಾಕಿದ. ಸೆಟ್ಟನ್ನು ಹೊದಿಕೆಯಲ್ಲಿ ಸುತ್ತಿ ಹಿಂದಿನ ಸೀಟಿನ ಮೇಲೆ ಇಟ್ಟು ಹಗ್ಗ ಬಿಗಿದ. ಬರುವಾಗ ತಿರುಮಲೇಶ ಕೂತಿದ್ದ ಜಾಗ ಅದು. ಬಿಗಿದು ಮುಗಿದ ಮೇಲೂ ಅವನು ಮತ್ತೊಮ್ಮೆ ಗಂಟು ನೋಡಿದ, ತಿರುಮಲೇಶನನ್ನು ನೋಡಲಿಲ್ಲ. ಲಕ್ಷ್ಮಿದೇವಿ ಒಂದು ಚೀಲ ಶೇಂಗಾ ಹಿಡಿದು ಹೊರಗೆ ಬಂದಳು.

"ಇದನ್ನ ಬೀಗ್ತಿಗೆ ಕೊಡು. ನಾಳೆ ನಾನೇ ಬರ್ತೀನಿ ಅಂತ ಹೇಳು. ವನಿತಾಗೂ ಫೋನ್ ಮಾಡಿ ಹೇಳ್ತೀನಿ. ಅವತ್ತು ನಕ್ಕೋರ್ನೆಲ್ಲ ಕರ್ಕಂಬರ್ತೀನಿ. ಅವ್ರು ತೊಟ್ಟಿಲ ಹತ್ರ ಕುಂತ್ಕಳ್ಲಿ, ನಾವು ಕೇಳ್ತೀವಿ."

"ಆಯ್ತತ್ತೆ," ಎಂದ ಶ್ರೀನಿವಾಸ್. ಬೈಕು ಹೊರಟಿತು.

ತಿರುಮಲೇಶ ಜಗಲಿಯ ಕೆಳಗೆ ನಿಂತಿದ್ದ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಪಕ್ಕದ ಮನೆಯ ಹೆಂಗಸರು ಮಾತು ಆರಂಭಿಸಲು ಅವನು ಹೋಗುವುದನ್ನೇ ಕಾಯುತ್ತಿದ್ದರು. ಅವನು ಬೆಸುಗೆಯ ಚೀಲವನ್ನು ಹೆಗಲಿಗೇರಿಸಿದ.

"ಮಡಕಶಿರಾ ಬಸ್ಸು ಎಲ್ಲಿ ನಿಲ್ತದ್ರಿ?" ಎಂದು ಜಯಣ್ಣನನ್ನು ಕೇಳಿದ.

ಜಯಣ್ಣ ಅಡಿಕೆ ಅಗಿಯುತ್ತ ಸ್ವಲ್ಪ ಹೊತ್ತು ಅವನ ಮುಖ ನೋಡಿದ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದಂತೆ ಹೇಳುವುದು ಎಷ್ಟು ಸುಲಭವೆಂದು ತೋರಿಸುವವನಂತೆ ಕೈ ಎತ್ತಿದ.

"ಅಗೋ, ಆ ಬೇವಿನ ಮರದತ್ರ," ಎಂದ. "ನಿಂತ್ಕ. ಬರ್ತೈತೆ."